ಮನೆಗೊಂದು ಗಿಡ ಸಾಕು

ನಾವು ಗಿಡ ಕಿತ್ತವರಲ್ಲ. ಪೇಪರಿನಲ್ಲಿ ಬಂದದ್ದು ಸುಳ್ಳು. ‘ಪಾದೆಮಾರಿನಲ್ಲಿ ಕಿಡಿಗೇಡಿಗಳಿಂದ ಹಸಿರು ಪಟ್ಟಿ ನಾಶ’ ಎಂದು ದಪ್ಪ ಅಕ್ಷರದಲ್ಲಿ ಹಾಕಿದ್ದರು. ಆ ಕಿಡಿಗೇಡಿ ನಾನು. ನನ್ನ ಹೆಸರು ಚನಿಯಾರು. ಒಂದು ಗಿಡಕ್ಕೂ ನಾನು ಕೈ ಹಚ್ಚಲಿಲ್ಲ. ನೀರು ಹೊರುವುದನ್ನು ನಿಲ್ಲಿಸಿದೆ, ಅಷ್ಟೆ. ನೀರಿಲ್ಲದೆ ಗಿಡ ಒಣಗಿದರೆ ಅದು ನಾಶ. ನೀರಿಲ್ಲದೆ ಮನುಷ್ಯರು ಒಣಗಿದರೆ ಅದಕ್ಕೆ ಪೇಪರಿನವರ ಹತ್ತಿರ ಅಕ್ಷರವೇ ಇಲ್ಲ.

ಶನಿವಾರ ಹುಟ್ಟಿದವಳು ಚನಿಯಾರು. ನನ್ನ ಗಂಡ ಶುಕ್ರವಾರ ಹುಟ್ಟಿದವನು, ತುಕ್ರ. ನಾವು ಮೇರರು, ಊರು ದೂರ ನಿಲ್ಲಿಸಿದ ಜಾತಿ. ನಮ್ಮ ಮಕ್ಕಳಿಗೆ ವಾರದ ಹೆಸರು ಬಿಟ್ಟು ಬೇರೆ ಹೆಸರಿಡಲು ಹಿಂದೆ ಜಮೀನಿನ ಧನಿಗಳು ಬಿಡುತ್ತಿರಲಿಲ್ಲ. ಗಂಡ ಶಾಲೆಗೆ ಸೇರಿದಾಗ ಮಾಸ್ತರರು ಒಂದು ‘ಅಪ್ಪ’ ಸೇರಿಸಿ ತುಕ್ರಪ್ಪ ಎಂದು ಬರೆದುಕೊಂಡರು. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟ ಅವನಿಗೆ ಸಿಕ್ಕಿದ ದೊಡ್ಡ ಲಾಭ ಅದೊಂದೇ. ನಾನು ಏಳನೆಯದು ಪಾಸಾದವಳು. ನನಗೆ ಯಾರೂ ಏನೂ ಸೇರಿಸಲಿಲ್ಲ.

ಗುರುವಾಯನಕೆರೆಯಿಂದ ನಾರಾವಿಗೆ ಹೋಗುವ ಬಸ್ಸಿನಲ್ಲಿ ನಡುದಾರಿಯಲ್ಲಿ ಇಳಿದು ಗುಡ್ಡ ಹತ್ತಿದರೆ ನಮ್ಮ ಪಾದೆಮಾರು. ಗುಡ್ಡದ ಈ ಮಗ್ಗುಲು ಕೆಂಪು ಮುರಕಲ್ಲು. ಆ ಮಗ್ಗುಲು ಕರಿಕಲ್ಲಿನ ಪಾದೆ, ಬರೀ ಬಂಡೆ. ಕೆಂಪಿನ ಮೇಲೆ ನಮ್ಮ ಕಾಲನಿ. ಕಾಲನಿಯ ತುದಿಯಲ್ಲಿ ಶಹರ್ಬಾನಕ್ಕನ ಮನೆ. ಅವರು ಬ್ಯಾರಿ ಹೆಂಗಸು. ಗಂಡ ಸತ್ತ ಮೇಲೆ ಬೀಡಿ ಕಟ್ಟಿ ಮಗಳು ರಾಫಿಯಾಳನ್ನು ದೊಡ್ಡವಳು ಮಾಡಿ ಬಂಟ್ವಾಳಕ್ಕೆ ಮದುವೆ ಮಾಡಿ ಕೊಟ್ಟವರು. ಬಾಯಿ ಜೋರು, ಕೈ ಧಾರಾಳ. ಅವರ ಮನೆಯ ಬಾವಿ ಕುಸಿದು ಬಿದ್ದ ಮೇಲೆ ಅವರೂ ನಾವೂ ಕುಡಿದದ್ದು ಒಂದೇ ನೀರು, ಸುರಂಗದ ನೀರು.

ಸುರಂಗ ಎಂದರೆ ಮಲಗಿಸಿದ ಬಾವಿ. ಕೆಳಗೆ ತೋಡುವ ಬದಲು ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ ಕೊರೆಯುತ್ತ ಹೋಗುವುದು. ನಮ್ಮದನ್ನು ಕೊರೆದವರು ನನ್ನ ಮಾವ ಹುಕ್ರ. ಅವರ ಕಾಲದಲ್ಲಿ ನೀರು ಬೇಕೆಂದರೆ ಧನಿಗಳ ಗುತ್ತಿನ ಮನೆಯ ಬಾವಿಗೆ ಹೋಗಬೇಕಿತ್ತು. ಹೋಗುವುದೆಂದರೆ ಬಾವಿಯ ಹತ್ತಿರಕ್ಕಲ್ಲ. ಕಟ್ಟೆಯಿಂದ ದೂರ ಕೊಡಪಾನ ಇಟ್ಟು, ಹಿಂದೆ ಸರಿದು ನಿಲ್ಲಬೇಕು. ಮನೆಯವರಲ್ಲಿ ಯಾರಿಗಾದರೂ ಮನಸ್ಸು ಬಂದರೆ ಬಂದು ಮೇಲಿನಿಂದ ಸುರಿಯುತ್ತಾರೆ. ಮನಸ್ಸು ಬಾರದಿದ್ದರೆ ಇಲ್ಲ. ಒಂದು ದಿನ ಬಸುರಿ ಅತ್ತೆ ಹೊತ್ತು ನೆತ್ತಿಗೇರುವವರೆಗೆ ಅಲ್ಲಿ ನಿಂತು ಬರಿಯ ಕೊಡಪಾನ ಹೊತ್ತುಕೊಂಡು ಹಿಂದೆ ಬಂದರು. ಮಾವ ಅಂದೇ ಪಿಕ್ಕಾಸು ಹಿಡಿದರು. ವಿಟ್ಲದ ಕಡೆ ಕೂಲಿಗೆ ಹೋಗಿದ್ದಾಗ ಅವರು ಬೇರೆಯವರಿಗೆ ಸುರಂಗ ಕೊರೆದು ಕೊಟ್ಟವರು. ಈಗ ತಮಗೇ ಕೊರೆಯತೊಡಗಿದರು. ಹಗಲೆಲ್ಲ ಧನಿಯ ಗದ್ದೆ. ಗದ್ದೆಯಿಂದ ಬಂದ ಮೇಲೆ ಗುಡ್ಡ. ಒಬ್ಬರು ಬಗ್ಗಿ ಹೋಗುವಷ್ಟೇ ಬಾಯಿ. ಮಾವ ಒಳಗೆ ಕಡಿಯುವುದು, ಅತ್ತೆ ಮಂಡಿಯ ಮೇಲೆ ತೆವಳಿ ಮಣ್ಣಿನ ಬುಟ್ಟಿ ಹೊರಗೆಳೆಯುವುದು. ಅತ್ತೆಯ ಮಂಡಿಯ ಚರ್ಮ ಸಾಯುವವರೆಗೂ ಎಮ್ಮೆಯ ಚರ್ಮದ ಹಾಗೆ ಇತ್ತು.

ನೀರು ಬಂದ ದಿನದ ಕತೆಯನ್ನು ಅತ್ತೆ ನನಗೆ ಎಷ್ಟೋ ಸಲ ಹೇಳಿದ್ದರು. ಆ ದಿನ ಯಾರೂ ಕುಡಿಯಲಿಲ್ಲವಂತೆ. ಎಲ್ಲರೂ ಮಿಂದರಂತೆ. ಮೇಲಿನಿಂದ ಯಾರೂ ಸುರಿಯದ ನೀರಿನಲ್ಲಿ ಮೀಯಬೇಕು ಎಂಬ ಆಸೆ ಅಷ್ಟು ವರ್ಷ ಹೊಟ್ಟೆಯಲ್ಲಿ ಇತ್ತಂತೆ.

ನಾನು ಮದುವೆಯಾಗಿ ಬಂದ ಮೇಲೆ ಹಿಡಿದದ್ದು ಸುತ್ತಿಗೆ. ರಸ್ತೆಗೆ ಬೇಕಾದ ಜಲ್ಲಿಯನ್ನು ಆಗ ನಮ್ಮಂಥ ಹೆಂಗಸರೇ ಒಡೆಯುತ್ತಿದ್ದದ್ದು. ಹಳೆಯ ಸೈಕಲ್ ಟಯರಿನ ತುಂಡನ್ನು ಬಳೆಯ ಹಾಗೆ ಕಟ್ಟಿ, ಅದರೊಳಗೆ ಕಲ್ಲಿಟ್ಟು ಹೊಡೆಯಬೇಕು. ಹಾಗೆ ಮಾಡಿದರೆ ಚೂರು ಕಣ್ಣಿಗೆ ಹಾರುವುದಿಲ್ಲ. ಬೆರಳಿಗೆ ದೇವರೇ ಗತಿ. ನನ್ನ ಎಡಗೈಯ ಹೆಬ್ಬೆರಳಿಗೆ ಉಗುರಿಲ್ಲ.

ತೊಂಬತ್ತರ ನಂತರ ಊರು ಬದಲಾಯಿತು. ಗಲ್ಫಿನ ಹಣ ಬಂತು. ಹಂಚಿನ ಮನೆಗಳೆಲ್ಲ ಟೆರೇಸು ಆದವು. ರಸ್ತೆಗಳು ಅಗಲವಾದವು. ನಮ್ಮ ಸುತ್ತಿಗೆಯಿಂದ ಪೂರೈಸಲು ಆಗಲಿಲ್ಲ. ಗುತ್ತಿನ ಮನೆಯ ಸುಧಾಕರ ಧನಿ ಮತ್ತು ದುಬೈಯಿಂದ ಬಂದ ಅಬ್ದುಲ್ ವಹಾಬ್ ಪಾಲಿಗೆ ನಿಂತು ಕರಿಪಾದೆಯಲ್ಲಿ ಕ್ರಷರ್ ಹಾಕಿದರು. ಓಟು ಬಂದರೆ ಒಬ್ಬರ ಮುಖ ಒಬ್ಬರು ನೋಡದವರು ಕಲ್ಲಿನ ವಿಷಯದಲ್ಲಿ ಅಣ್ಣ ತಮ್ಮ. ಉದ್ಘಾಟನೆಯ ದಿನ ಧನಿ ಮೈಕಿನಲ್ಲಿ, ಊರು ಅಭಿವೃದ್ಧಿ ಆಗಬೇಕಾದರೆ ಮೊದಲು ಜಲ್ಲಿ ಬೇಕು ಎಂದರು. ಸರಿಯೇ. ನಮ್ಮ ಕಾಲನಿಯ ದಾರಿಗೆ ಮಾತ್ರ ಇವತ್ತಿಗೂ ಒಂದು ಬುಟ್ಟಿ ಜಲ್ಲಿ ಬಿದ್ದಿಲ್ಲ.

ಯಂತ್ರ ನಮ್ಮ ಸುತ್ತಿಗೆಯ ಕೆಲಸ ತಿಂದಿತು. ಮತ್ತೆ ಅದೇ ಯಂತ್ರದ ಕೆಳಗೆ ಕಲ್ಲಿನ ಹುಡಿ ಬಾಚಿ ಹೊರುವ ಕೆಲಸ ಕೊಟ್ಟಿತು. ತುಕ್ರಪ್ಪನಿಗೆ ಪಾದೆಯಲ್ಲಿ ಸಿಡಿಮದ್ದಿಗೆ ಕುಳಿ ಕೊರೆಯುವ ಕೆಲಸ. ಸಂಜೆ ನಾವಿಬ್ಬರೂ ಮನೆಗೆ ಬಂದರೆ ಮಾವ ಕೆಮ್ಮಿನಿಂದ ನಮ್ಮ ಗುರುತು ಹಿಡಿಯುತ್ತಿದ್ದರು. ರೆಪ್ಪೆಯಲ್ಲಿ ಹುಡಿ. ಉಗುಳಿದರೆ ಬೂದಿಯ ಬಣ್ಣ. ಗಂಜಿಯಲ್ಲಿ ಹಲ್ಲಿಗೆ ಕರಕರ. ನಮ್ಮ ಸಣ್ಣ ಮಗಳಿಗೆ ಮೊಲೆ ಕೊಡುವ ಮೊದಲು ನಾನು ಎದೆ ತೊಳೆದುಕೊಳ್ಳಬೇಕಿತ್ತು. ಒಮ್ಮೆ ತೊಳೆಯದೆ ಕೊಟ್ಟೆ. ಮಗು ಬಾಯಿ ತೆಗೆದು ಕಿರುಚಿತು. ಅದರ ತುಟಿಯ ಮೇಲೆ ನನ್ನ ಕೆಲಸದ ಹುಡಿ ಅಂಟಿತ್ತು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಪಾದೆಗೆ ಮದ್ದು ಸಿಡಿದಾಗಲೆಲ್ಲ ಗುಡ್ಡ ನಡುಗುತ್ತಿತ್ತು. ಸುರಂಗದ ಬಾಯಿಗೆ ಅಡಿಕೆ ಮರ ಸೀಳಿ ಮಾಡಿದ ದಂಬೆ ಇಟ್ಟಿದ್ದೆವು. ಮೊದಲು ಅದರಲ್ಲಿ ತೋಳಿನಷ್ಟು ದಪ್ಪ ನೀರು ಬೀಳುತ್ತಿತ್ತು. ಬರಬರುತ್ತ ಬೆರಳಿನಷ್ಟಾಯಿತು.

ನಾನು ಶಹರ್ಬಾನಕ್ಕನನ್ನು ಕರೆದುಕೊಂಡು ಬೆಳ್ತಂಗಡಿಗೆ ಹೋದೆ. ದೂರನ್ನು ನಾನೇ ಬರೆದೆ. ಧೂಳು ತಡೆಯಲು ಆಗುವುದಿಲ್ಲ, ಮಕ್ಕಳು ಕೆಮ್ಮುತ್ತಾರೆ, ಏನಾದರೂ ಮಾಡಿ ಎಂದು. ಕೆಲವು ವಾರ ಕಳೆದು ಅಧಿಕಾರಿಯೊಬ್ಬರು ಜೀಪಿನಲ್ಲಿ ಬಂದರು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಸುತ್ತು ಹಾಕಿದರು. ಕ್ರಷರಿನ ಅಂಗಳಕ್ಕೆ ಬೆಳಿಗ್ಗೆ ಸಂಜೆ ನೀರು ಚಿಮುಕಿಸಬೇಕು, ಸುತ್ತ ಗಿಡ ನೆಟ್ಟು ಹಸಿರು ಪಟ್ಟಿ ಬೆಳೆಸಬೇಕು, ಇಲ್ಲದಿದ್ದರೆ ಪರವಾನಗಿ ಮುಂದುವರಿಸುವುದಿಲ್ಲ ಎಂದು ಧನಿಗೆ ಹೇಳಿ ಹೋದರು. ಶಹರ್ಬಾನಕ್ಕ ಖುಷಿಯಲ್ಲಿ ನಮಗೆಲ್ಲ ಬೆಲ್ಲದ ಚಾ ಮಾಡಿ ಕೊಟ್ಟರು. ನಾವು ಗೆದ್ದೆವು ಎಂದುಕೊಂಡು ಆ ಚಾ ಕುಡಿದೆವು.

ಮಳೆ ಹಿಡಿದ ಮೇಲೆ ಗಿಡ ಬಂದವು, ಲಾರಿ ತುಂಬ. ನೆಡಿಸಲು ಧನಿಯ ಹೆಂಡತಿ ಕಾಂತಿಯಕ್ಕ ಬಂದರು. ಮೂಡುಬಿದಿರೆಯಲ್ಲಿ ಕಾಲೇಜು ಓದಿದವರು. ಮೆಲ್ಲಗೆ ಮಾತಾಡುವವರು. ನಮ್ಮೆಲ್ಲರ ಹೆಸರು ಕೇಳಿ ನೆನಪಿಟ್ಟುಕೊಂಡರು, ಒಬ್ಬೊಬ್ಬ ಹೆಂಗಸಿಗೆ ಒಂದೊಂದು ಹಸಿರು ಸೀರೆ ಕೊಟ್ಟರು. ಅಷ್ಟು ಒಳ್ಳೆಯವರು ಎದುರು ನಿಂತರೆ ಬೈಯಲು ಬಾಯಿಯೇ ಬರುವುದಿಲ್ಲ, ಅದೇ ಕಷ್ಟ. ಕ್ರಷರಿನ ದಾರಿಯಲ್ಲಿ ಅವರು ಒಂದು ಬೋರ್ಡು ಹಾಕಿಸಿದರು. ಹಸಿರು ಬಣ್ಣ, ಬಿಳಿ ಅಕ್ಷರ. ತುಕ್ರಪ್ಪ ಅದರ ಎದುರು ನಿಂತು ಅಕ್ಷರಕ್ಕೆ ಅಕ್ಷರ ಕೂಡಿಸಿದ.

“ಮನೆಗೊಂದು... ಗಿಡ... ಸಾಕು.” ಓದಿ ಮುಗಿಸಿ ಲಾರಿಯ ಕಡೆ ನೋಡಿದ. “ಸರಿ ಉಂಟಲ್ಲ. ಒಂದು ಮನೆಗೆ ಒಂದು ಗಿಡ ಸಾಕು. ಮತ್ತೆ ಇಷ್ಟೆಲ್ಲ ಯಾಕೆ ತಂದದ್ದು?”

ನಾವು ನಕ್ಕೆವು. ಕಾಂತಿಯಕ್ಕನೂ ನಕ್ಕರು. “ಹಾಗಲ್ಲ ತುಕ್ರಪ್ಪ. ಇಲ್ಲಿ ಸಾಕು ಅಂದ್ರೆ ಇನ್ನು ಬೇಡ ಅಂತ ಅಲ್ಲ. ಸಾಕುವುದು. ಮಕ್ಕಳನ್ನು ಸಾಕ್ತೇವಲ್ಲ, ಹಾಗೆ.”

“ಅದಕ್ಕೆ ಸಾಂಕು ಅಂತ ಅಲ್ವಾ ಅಕ್ಕ ಹೇಳುವುದು?”

“ಅದು ತುಳುವಿನಲ್ಲಿ. ಕನ್ನಡದಲ್ಲಿ ಸಾಕು.”

ನಮಗೆ ಗೊತ್ತಿದ್ದ ಕನ್ನಡದ ಸಾಕು ಒಂದೇ. ಶಾಲೆಯಲ್ಲಿ ಉಪ್ಪಿಟ್ಟು ಬಡಿಸುವಾಗ ನಮ್ಮ ತಟ್ಟೆಯ ಹತ್ತಿರ ಬಂದು ಹೇಳುತ್ತಿದ್ದ ಸಾಕು. ಆಸ್ಪತ್ರೆಯಲ್ಲಿ ಎಲ್ಲಿ ನೋವು ಎಂದು ಹೇಳತೊಡಗಿದರೆ ಡಾಕ್ಟರರು ಕೈ ಎತ್ತಿ ಹೇಳುವ ಸಾಕು. ಪಂಚಾಯತಿನ ಸಭೆಯಲ್ಲಿ ಎದ್ದು ನಿಂತರೆ, ಸಾಕು ಕೂತ್ಕೊ. ಈ ಶಬ್ದಕ್ಕೆ ಬೇರೆ ಅರ್ಥವೂ ಉಂಟು ಎಂದು ನಮಗೆ ಯಾರೂ ಹೇಳಿರಲಿಲ್ಲ. ಯಾರೂ ನಮ್ಮನ್ನು ಸಾಕಿಯೂ ಇರಲಿಲ್ಲ.

ಮಳೆಗಾಲದಲ್ಲಿ ಗಿಡಗಳನ್ನು ಮಳೆಯೇ ಸಾಕಿತು. ಕುಂಭ ಮಾಸದ ಬಿಸಿಲು ಬಂದಾಗ ಎಲೆ ಬಾಡಿತು. ಧನಿಗೆ ಬೋರ್‌ವೆಲ್ ಇತ್ತು. ಅದರ ನೀರು ಅವರ ರಬ್ಬರಿನ ನರ್ಸರಿಗೆ. ಒಂದು ದಿನ ಕೆಲಸ ಬಿಡುವ ಹೊತ್ತಿಗೆ ಅವರು ನಮ್ಮನ್ನು ನಿಲ್ಲಿಸಿದರು.

“ಧೂಳು ಬೇಡ ಅಂತ ಬೆಳ್ತಂಗಡಿಗೆ ಹೋಗಿ ಬರೆದು ಕೊಟ್ಟದ್ದು ಯಾರು? ನೀವೇ ಅಲ್ವಾ?”

ನಾನು ಹೌದು ಎಂದೆ.

“ಅವರು ಗಿಡ ನೆಡಿ, ನೀರು ಹಾಕಿ ಅಂದ್ರು. ನಾನು ಗಿಡ ನೆಟ್ಟೆ. ನೀರು ನೀವು ಹಾಕಿ. ನಿಮ್ಮ ಒಳ್ಳೇದಕ್ಕೇ ಅಲ್ವಾ ಇದೆಲ್ಲ?”

“ನಮ್ಮಲ್ಲಿ ಎಲ್ಲಿ ಉಂಟು ಧನಿ ನೀರು?”

“ಸುರಂಗ ಉಂಟಲ್ಲ.”

“ಅದು ಕುಡಿಯುವ ನೀರು. ಮಾವ ತೋಡಿದ್ದು.”

“ತೋಡಿದ್ದು ಎಲ್ಲಿ? ನನ್ನ ಕುಮ್ಕಿಯಲ್ಲಿ. ಇಷ್ಟು ವರ್ಷ ನಾನೇನಾದ್ರೂ ಹೇಳಿದ್ದೇನಾ?”

ಕುಮ್ಕಿ ಎಂದರೆ ಪಟ್ಟಾ ಜಾಗದ ಮಗ್ಗುಲಿನ ಸರಕಾರಿ ಜಾಗ. ಸೊಪ್ಪು, ಸೌದೆ ತೆಗೆಯಲು ಆ ಜಮೀನಿನವನಿಗೆ ಬಿಟ್ಟದ್ದು. ಸರಕಾರದ ಗುಡ್ಡ ಹೀಗೆ ಧನಿಯ ಗುಡ್ಡವಾಯಿತು. ಮಾವನ ಸುರಂಗ ಧನಿಯ ಸುರಂಗವಾಯಿತು. ಒಂದೇ ವಾರದಲ್ಲಿ ಅದರ ಬಾಯಿಗೆ ಕಬ್ಬಿಣದ ಗೇಟು ಬಂತು. ಗೇಟಿಗೆ ಹಸಿರು ಬಣ್ಣ. ಮೇಲೆ ತಗಡಿನ ಫಲಕ, ‘ಜಲ ಸಂರಕ್ಷಣಾ ವಲಯ’. ಯಾರಿಂದ ಸಂರಕ್ಷಣೆ ಎಂದು ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಬೀಗದ ಕೈ ಕ್ರಷರಿನ ಲೆಕ್ಕ ಬರೆಯುವ ರೈಟರ್ ಅಣ್ಣುವಿನ ಸೊಂಟದಲ್ಲಿ ನೇತಾಡುತ್ತಿತ್ತು.

ಮೊದಲು ಗಿಡಗಳಿಗೆ, ಆಮೇಲೆ ಕ್ರಷರಿನ ಅಂಗಳಕ್ಕೆ, ಉಳಿದರೆ ಕಾಲನಿಗೆ. ಹೊರುವವರು ನಾವೇ. ಹುಡಿ ಹೊತ್ತ ತಲೆಯ ಮೇಲೆ ಸಿಂಬೆ ಬದಲಾಯಿಸಿ ನೀರು ಹೊತ್ತೆವು. ನಮ್ಮ ಬಾಯಿಯ ನೀರನ್ನು ನಾವೇ ಹೊತ್ತು ಕಲ್ಲಿನ ಹುಡಿಗೆ ಕುಡಿಸಿದೆವು. ಹುಡಿ ಅದನ್ನು ಒಂದೇ ಗುಟುಕಿಗೆ ನುಂಗಿ ಮತ್ತೆ ಏಳುತ್ತಿತ್ತು. ನಾನು ಬರೆದ ದೂರು ಸುತ್ತಿ ಬಳಸಿ ನನ್ನ ತಲೆಯ ಮೇಲೆಯೇ ಬಂದು ಕುಳಿತಿತ್ತು. ಕಾಲನಿಯವರು ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತೋ ಏನೋ.

ಆ ಬೇಸಿಗೆಯಲ್ಲೇ ರಾಫಿಯಾ ಹೆರಿಗೆಗೆ ತಾಯಿಮನೆಗೆ ಬಂದಳು. ಗಂಡು ಮಗು. ನಮ್ಮ ಕಡೆ ಬಾಣಂತಿಗೆ ಮೊದಲ ಮದ್ದೇ ನೀರು. ಹಂಡೆ ತುಂಬ ಕಾಯಿಸಿ, ಎಣ್ಣೆ ತಿಕ್ಕಿ, ಸೊಂಟಕ್ಕೆ ಬೀಸಿ ಬೀಸಿ ಹೊಯ್ಯಬೇಕು. ಬ್ಯಾರಿಗಳ ಮನೆಯಲ್ಲಾಗಲಿ ನಮ್ಮಲ್ಲಾಗಲಿ ನಲ್ವತ್ತು ದಿನ ಈ ಸ್ನಾನ ತಪ್ಪುವುದಿಲ್ಲ. ಮಗಳಿಗೆ ಅದನ್ನು ಮಾಡದ ತಾಯಿ ನಾಳೆ ಬೀಗರ ಎದುರು ತಲೆ ಎತ್ತುವ ಹಾಗಿಲ್ಲ. ಶಹರ್ಬಾನಕ್ಕ ಹಂಡೆ ತಿಕ್ಕಿ ಬೆಳ್ಳಗೆ ಮಾಡಿ ಇಟ್ಟರು. ಹಂಡೆ ಹಾಗೆಯೇ ಉಳಿಯಿತು. ಮಗಳ ಮೈಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರು. ಹೆರಿಗೆಯ ಹೊಲಿಗೆಯಲ್ಲಿ ಕೀವಾಯಿತು. ಹುಡುಗಿಗೆ ಜ್ವರ ಹಿಡಿಯಿತು.

ಶಹರ್ಬಾನಕ್ಕ ಕೊಡಪಾನ ಹಿಡಿದು ಗೇಟಿಗೆ ಹೋದರು. ನಾನೂ ಹೋದೆ.

“ಗಿಡದ ಸರದಿ ಮುಗಿಯಲಿ ಬಾನಕ್ಕ,” ಎಂದ ಅಣ್ಣು.

“ಬಾಣಂತಿ ಮಾರಾಯ. ಜ್ವರ ಉಂಟು ಹುಡುಗಿಗೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಕಾ ನಿನ್ನ ಧನಿಗೆ?”

“ನಾನೆಂತ ಮಾಡ್ಲಿ? ನನಗೂ ಹೆಂಡತಿ ಮಕ್ಕಳು ಉಂಟು. ಧನಿ ಹೇಳಿದ ಹಾಗೆ ಮಾಡುವುದು. ಅಲ್ಲಿ ದೂರ ಇಡಿ ಕೊಡಪಾನ. ಇಟ್ಟು ಹಿಂದೆ ನಿಲ್ಲಿ, ಎಲ್ಲ ಒಟ್ಟಿಗೆ ನುಗ್ಗುವುದು ಬೇಡ. ಉಳಿದ್ರೆ ನಾನೇ ಹೊಯ್ತೇನೆ.”

ಮಾವ ಅಲ್ಲೇ ಮರದ ಬುಡದಲ್ಲಿ ಕುಳಿತಿದ್ದರು. ಕಣ್ಣು ಮಂಜು, ಕಿವಿ ಮಾತ್ರ ಚುರುಕು. ಆ ಮಾತು ಕೇಳಿದ್ದೇ ಕೋಲೂರಿ ಎದ್ದರು.

“ಇದು ಅದೇ ಬಾವಿ,” ಎಂದರು. “ನಾನು ಮಲಗಿಸಿದ್ದನ್ನು ಅವರು ಪುನಃ ಎಬ್ಬಿಸಿ ನಿಲ್ಲಿಸಿದ್ರು.”

ಅಣ್ಣುವಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ನನ್ನ ಅತ್ತೆ ನಿಂತ ಜಾಗದಲ್ಲಿ ನಾನು ನಿಂತಿದ್ದೆ. ಅವರು ಮಂಡಿ ತೇದು ತಪ್ಪಿಸಿಕೊಂಡ ಜಾಗಕ್ಕೆ ನಾನು ಪಾಸಾದ ಏಳನೇ ಕ್ಲಾಸು ಕಟ್ಟಿಕೊಂಡು ತಿರುಗಿ ಬಂದು ನಿಂತಿದ್ದೆ. ಅಂದು ಸಂಜೆ ಶಹರ್ಬಾನಕ್ಕನ ಕೊಡಪಾನಕ್ಕೆ ಅರ್ಧ ನೀರು ಬಿತ್ತು, ಮೇಲಿನಿಂದ.

ಪರವಾನಗಿಯ ಅಧಿಕಾರಿ ಬರುವ ದಿನ ಗೊತ್ತಾಯಿತು. ಅದರ ಜೊತೆಗೆ ಧನಿಗೆ ಪರಿಸರ ಸ್ನೇಹಿ ಉದ್ಯಮಿ ಎಂದು ಯಾವುದೋ ಸಂಘದವರ ಸನ್ಮಾನವೂ ಉಂಟಂತೆ. ಕ್ರಷರಿನ ಅಂಗಳದಲ್ಲಿ ಶಾಮಿಯಾನ ಎದ್ದಿತು. ಅಣ್ಣು ಕಾಲನಿಗೆ ಬಂದು, ಹೆಂಗಸರೆಲ್ಲ ಒಂದೊಂದು ಗಿಡದ ಹತ್ತಿರ ತುಂಬಿದ ಕೊಡಪಾನ ಹಿಡಿದು ನಿಲ್ಲಬೇಕು, ಸಾಹೇಬರು ಬಂದಾಗ ಒಟ್ಟಿಗೆ ನೀರು ಹಾಕಬೇಕು, ಫೋಟೋ ತೆಗೆಯಲಿಕ್ಕೆ ಉಂಟು ಎಂದ.

“ಕಾಂತಿಯಕ್ಕ ಕೊಟ್ಟ ಸೀರೆ ಉಡಿ. ಎಲ್ಲ ಮಿಂದು ಚಂದ ಮಾಡಿ ಬನ್ನಿ.”

“ಯಾವ ನೀರಲ್ಲಿ ಮೀಯುವುದು ಅಣ್ಣು?” ಎಂದು ಕೇಳಿದೆ.

“ನಂಗೆ ಗೊತ್ತಿಲ್ಲ ಮಾರಾಯ್ತಿ. ಹೇಳಿದ್ದನ್ನು ಹೇಳಿದೆ.”

ಮೀಯದೆಯೇ ಹಸಿರು ಸೀರೆ ಉಟ್ಟು ಹೋದೆವು. ಅಂದು ಗೇಟು ಪೂರ್ತಿ ತೆರೆದಿತ್ತು. ಒಳಗೆ ಹಿಂದಿನ ದಿನದಿಂದ ಕಟ್ಟಿ ನಿಲ್ಲಿಸಿದ ನೀರು. ಎಷ್ಟೋ ಕಾಲದ ಮೇಲೆ ಕೊಡಪಾನದ ಕಂಠದವರೆಗೆ ನೀರು ತುಂಬಿದೆವು. ಶಹರ್ಬಾನಕ್ಕ ತಲೆಗೆ ಸೆರಗು ಬಿಗಿದು ನನ್ನ ಪಕ್ಕದ ಗಿಡದ ಹತ್ತಿರ ನಿಂತರು. ಕೆಲವು ಗಿಡಗಳು ಅಷ್ಟರಲ್ಲೇ ಸತ್ತಿದ್ದವು. ಆ ಗುಂಡಿಗಳಲ್ಲಿ ಅಣ್ಣು ಕಾಡಿನಿಂದ ಕಡಿದು ತಂದ ಹಸಿ ಗೆಲ್ಲುಗಳನ್ನು ಊರಿದ್ದ. ನನ್ನ ಪಾಲಿಗೆ ಬಂದದ್ದು ಅಂಥದೇ ಒಂದು ಗೆಲ್ಲು. ಬೇರಿಲ್ಲದ ಕೋಲಿಗೆ ನಾನು ನೀರು ಹಾಕಬೇಕಿತ್ತು.

ಜೀಪು ತಡವಾಗಿ ಬಂತು. ಅಷ್ಟು ಹೊತ್ತು ಬಿಸಿಲಲ್ಲಿ ನಿಂತಿದ್ದೆವು. ಕುಡಿಯುವ ಹಾಗಿಲ್ಲ, ಫೋಟೋದಲ್ಲಿ ಕೊಡಪಾನ ತುಂಬಿರಬೇಕು. ಧನಿ ಮೈಕ್ ಹಿಡಿದು ಅಭಿವೃದ್ಧಿ ಮತ್ತು ಪರಿಸರ ನಮಗೆ ಎರಡು ಕಣ್ಣುಗಳಿದ್ದ ಹಾಗೆ ಎಂದರು. ನಮ್ಮ ಎರಡು ಕಣ್ಣಲ್ಲೂ ಅವರ ಕಲ್ಲಿನ ಹುಡಿ ಇತ್ತು. ಧೂಳು ಕಾಣಬಾರದೆಂದು ಅಂದು ಕ್ರಷರ್ ನಿಲ್ಲಿಸಿದ್ದರು. ಊರು ನಿಶ್ಶಬ್ದವಾಗಿತ್ತು. ಆ ನಿಶ್ಶಬ್ದದಲ್ಲಿ ಕಾಲನಿಯ ತುದಿಯಿಂದ ರಾಫಿಯಾಳ ಮಗು ಅಳುವುದು ಇಲ್ಲಿಯವರೆಗೆ ಕೇಳಿತು. ಶಹರ್ಬಾನಕ್ಕ ನನ್ನ ಕಡೆ ನೋಡಿದರು. ಜೋರು ಬಾಯಿಯ ಹೆಂಗಸು ಸುಮ್ಮನಿದ್ದದ್ದು ನನಗೆ ತಡೆಯಲು ಆಗಲಿಲ್ಲ.

ಕ್ಯಾಮರಾದವನು ಮಂಡಿಯೂರಿದ. ಅಧಿಕಾರಿ ಗಿಡಗಳ ನಡುವೆ ನಿಂತು ನಗು ತಂದುಕೊಂಡರು. “ಹಾಂ, ಈಗ ನೀರು ಹಾಕಿ,” ಎಂದ ಅಣ್ಣು.

ನನ್ನ ಕೈ ಬಾಗಲಿಲ್ಲ.

“ಏ ಚನಿಯಾರು, ಹಾಕು,” ಎಂದರು ಧನಿ.

ಕೊಡಪಾನವನ್ನು ಅವರ ಕಾಲಬುಡಕ್ಕೆ ಹೊಡೆದು ಹಾಕಬೇಕು ಎನಿಸಿತು. ಸುಳ್ಳು ಯಾಕೆ ಹೇಳಲಿ, ಅವರ ತಲೆಗೇ ಹಾಕಬೇಕು ಎನಿಸಿತು. ಆದರೆ ಅತ್ತೆ ಮಂಡಿಯಲ್ಲಿ ತೆವಳಿ ತಂದ ನೀರನ್ನು ಚೆಲ್ಲಲು ಮನಸ್ಸು ಬರಲಿಲ್ಲ. ಸೆರಗನ್ನು ಸಿಂಬೆ ಸುತ್ತಿದೆ. ಕೊಡಪಾನ ಎತ್ತಿ ತಲೆಗಿಟ್ಟೆ.

“ಏನಾಯ್ತು ಚನಿಯಾರು? ಎಲ್ಲಿಗೆ?” ಕಾಂತಿಯಕ್ಕನ ದನಿ ಆಗಲೂ ಮೆತ್ತಗೇ ಇತ್ತು.

“ಬಾನಕ್ಕನ ಮಗಳಿಗೆ ಮೀಯ್ಲಿಕ್ಕೆ ಉಂಟು,” ಎಂದೆ.

ನಡೆದೆ. ಹಿಂದೆ ತಿರುಗಿ ನೋಡಿದರೆ ನೀರು ತುಳುಕುತ್ತದೆ, ಹಾಗಾಗಿ ನೋಡಲಿಲ್ಲ. ನನ್ನ ಹಿಂದೆ ಇನ್ನೊಂದು ಕೊಡಪಾನದ ಕಂಠಕ್ಕೆ ಬಳೆ ತಾಗಿದ ಶಬ್ದ ಕೇಳಿತು. ಶಹರ್ಬಾನಕ್ಕನದು. ಅದರ ಹಿಂದೆ ಇನ್ನೊಂದು. ಆಮೇಲೆ ಮತ್ತೊಂದು. ಹಸಿರು ಸೀರೆಗಳೆಲ್ಲ ಒಂದರ ಹಿಂದೆ ಒಂದು ಗುಡ್ಡ ಇಳಿದವು. ಇವರೆಲ್ಲ ಎಲ್ಲಿಗೆ ಹೋಗುತ್ತಿದ್ದಾರೆ ಎಂದು ಅಧಿಕಾರಿ ಮೈಕಿನ ಹತ್ತಿರ ನಿಂತೇ ಕೇಳಿದರು. ಊರಿಗೆಲ್ಲ ಕೇಳಿಸಿತು.

ಅಂದು ರಾಫಿಯಾಳಿಗೆ ಹಂಡೆ ತುಂಬ ನೀರು ಕಾಯಿತು. ಶಹರ್ಬಾನಕ್ಕ ಎಣ್ಣೆ ತಿಕ್ಕಿದರು. ನಾನು ಹೊಯ್ದೆ. ಬಿಸಿನೀರು ಸೊಂಟಕ್ಕೆ ಬಿದ್ದಾಗ ಹುಡುಗಿ ಗೋಡೆ ಹಿಡಿದು ಅತ್ತಳು. ನೋವಿಗೋ ಸುಖಕ್ಕೋ ಕೇಳಲಿಲ್ಲ. ನಾವೂ ಅತ್ತೆವು. ಮೀಯಿಸಿ ಮಲಗಿಸಿದ ಮೇಲೆ ಮಗು ಮೊಲೆ ಹಿಡಿಯಿತು.

ಹೊರಗೆ ಬಂದರೆ ತುಕ್ರಪ್ಪ ಓಡಿ ಬರುತ್ತಿದ್ದ. “ಗೇಟಿಗೆ ಬೀಗ ಹಾಕಿದ್ರು. ಇನ್ನು ಕಾಲನಿಗೆ ಒಂದು ಹನಿ ಇಲ್ಲ ಅಂತ ಹೇಳಿದ್ರಂತೆ. ಎಂತ ಮಾಡುವ?”

ನಾನು ಒಳಗೆ ಹೋಗಿ ಅಟ್ಟದಿಂದ ನನ್ನ ಹಳೆಯ ಸುತ್ತಿಗೆ ತೆಗೆದೆ. ಟಯರಿನ ಬಳೆಯೂ ಅಲ್ಲೇ ಇತ್ತು, ಜೇಡ ಬಲೆ ಕಟ್ಟಿತ್ತು. ಎಲ್ಲರೂ ಸುರಂಗಕ್ಕೆ ಹೋದೆವು. ಅಣ್ಣು ಗೇಟಿಗೆ ಬೆನ್ನು ಕೊಟ್ಟು ನಿಂತಿದ್ದ. ನನ್ನ ಕೈಯಲ್ಲಿದ್ದುದನ್ನು ನೋಡಿದ. ಶಹರ್ಬಾನಕ್ಕನ ಮುಖ ನೋಡಿದ.

“ಸರಿ ಮಾರಾಯ, ಸ್ವಲ್ಪ ಆಚೆ ನಿಲ್ಲು. ಕಣ್ಣಿಗೆ ಚೂರು ಹಾರಿದ್ರೆ ನಿನ್ನ ಹೆಂಡತಿ ಮಕ್ಕಳು ನಮ್ಮನ್ನು ಬೈತಾರೆ,” ಎಂದರು ಶಹರ್ಬಾನಕ್ಕ.

ಅಣ್ಣು ಸರಿದ. ಬೀಗಕ್ಕೆ ಟಯರಿನ ಬಳೆ ತೊಡಿಸಿ ಹಿಡಿದುಕೊಂಡೆ. ಸುತ್ತಿಗೆ ಎತ್ತಿದೆ. ಕರಿಕಲ್ಲು ಒಡೆದ ಕೈಗೆ ಬೀಗ ಯಾವ ಲೆಕ್ಕ. ತುಕ್ರಪ್ಪ ಮತ್ತು ಉಳಿದ ಗಂಡಸರು ಗೇಟನ್ನು ಕೀಲಿನಿಂದ ಎತ್ತಿ ಕೆಳಗಿಟ್ಟರು. ಮಾವ ಕೋಲು ತಡವುತ್ತ ಬಂದು ಸುರಂಗದ ಬಾಯಿಯಲ್ಲಿ ಕುಳಿತರು. ಅವರನ್ನು ದಾಟಿ ಒಳಗೆ ಹೋಗಲು ಅವತ್ತಿನಿಂದ ಧನಿಯ ಕಡೆಯ ಯಾರಿಗೂ ಧೈರ್ಯ ಬರಲಿಲ್ಲ.

ಮರುದಿನ ನಮ್ಮೆಲ್ಲರನ್ನೂ ಕೆಲಸದಿಂದ ತೆಗೆದರು. ಗಿಡಗಳಿಗೆ ನೀರು ಹೊರಲು ಧನಿಗೆ ಬೇರೆ ತಲೆ ಸಿಗಲಿಲ್ಲ. ತಮ್ಮ ಬೋರ್‌ವೆಲ್ಲಿನಿಂದ ಒಂದು ಪೈಪು ಎಳೆದಿದ್ದರೆ ಗಿಡಗಳು ಬದುಕುತ್ತಿದ್ದವು. ಎಳೆಯಲಿಲ್ಲ. ಗಿಡ ಒಣಗಿದವು. ಊರಿದ ಗೆಲ್ಲುಗಳು ಗಾಳಿಗೆ ಬಿದ್ದವು. ಬಿದ್ದದ್ದರ ಫೋಟೋ ಪೇಪರಿನಲ್ಲಿ ಬಂತು. ಗಿಡಗಳ ಮೇಲೆ ನನಗೆ ಸಿಟ್ಟಿರಲಿಲ್ಲ. ಸತ್ಯ ಹೇಳಬೇಕೆಂದರೆ ಅವು ಒಣಗುವುದನ್ನು ನೋಡಿ ಸಂಕಟವಾಯಿತು. ನಮ್ಮ ನೀರು ಕುಡಿದು ಬೆಳೆದವು, ಅವು ನಮ್ಮವೇ.

ಸ್ಟೇಷನ್ನಿಂದ ಕರೆ ಬಂತು. ನಾನೂ ಶಹರ್ಬಾನಕ್ಕನೂ ಹೋದೆವು. ಅವರನ್ನು ಹೊರಗೆ ಕೂರಿಸಿ ನನ್ನನ್ನು ಒಳಗೆ ಕರೆದರು. ಧನಿ ಮತ್ತು ಕಾಂತಿಯಕ್ಕ ಕುರ್ಚಿಯಲ್ಲಿದ್ದರು. ನನಗೆ ಕುರ್ಚಿ ಇರಲಿಲ್ಲ, ನಿರೀಕ್ಷೆಯೂ ಇರಲಿಲ್ಲ. ಎಸ್‌ಐ ಸಾಹೇಬರು ಕೆಟ್ಟವರಂತೆ ಕಾಣಲಿಲ್ಲ. ದೂರದ ಊರಿನವರು, ತುಳು ಬಾರದವರು.

“ಓದಿದ್ದೀಯಂತೆ,” ಎಂದರು. “ಮತ್ತೆ ಗಿಡ ಹಾಳು ಮಾಡುವ ಬುದ್ಧಿ ಯಾಕೆ? ಧನಿಗಳು ಕೇಸು ಬೇಡ ಅಂತಾರೆ. ಒಂದು ಮುಚ್ಚಳಿಕೆ ಬರೆದುಕೊಟ್ಟು ಹೋಗು. ಇನ್ನು ಮುಂದೆ ಸುರಂಗದ ನೀರಿಗೆ ತಕರಾರು ಮಾಡುವುದಿಲ್ಲ, ಹಸಿರು ಪಟ್ಟಿಯ ಗಿಡಗಳನ್ನು ಸಾಕುತ್ತೇನೆ, ಅಂತ. ಕೆಳಗೆ ಸಹಿ.”

“ಕೆಲಸಕ್ಕೂ ಪುನಃ ತಗೊಳ್ತೇನೆ,” ಎಂದರು ಧನಿ. “ನನಗೆ ದ್ವೇಷ ಇಲ್ಲ.”

“ಬರೆಯಿರಿ ಚನಿಯಾರು,” ಎಂದರು ಕಾಂತಿಯಕ್ಕ. “ಎಲ್ಲರಿಗೂ ಒಳ್ಳೇದಾಗ್ತದೆ.”

ಬಿಳಿ ಹಾಳೆ, ಪೆನ್ನು ಎರಡನ್ನೂ ನನ್ನ ಕಡೆ ತಳ್ಳಿದರು. ಕೆಲಸ ಎಂದರೆ ಸಣ್ಣ ಮಾತಲ್ಲ. ಮನೆಯಲ್ಲಿ ಅಕ್ಕಿಯ ಡಬ್ಬದ ತಳ ಕಾಣುತ್ತಿತ್ತು. ತುಕ್ರಪ್ಪನ ಕೆಮ್ಮಿಗೆ ಔಷಧಿ ತರಬೇಕಿತ್ತು. ಅದೆಲ್ಲ ತಲೆಗೆ ಬಂತು, ಬಾರದೆ ಇರುತ್ತದೆಯೇ. ಪೆನ್ನು ಹಿಡಿದೆ. ಉಗುರಿಲ್ಲದ ಬೆರಳಿನಲ್ಲಿ ಹಾಳೆ ಒತ್ತಿ ಹಿಡಿದು ಬರೆದೆ. ಕೆಳಗೆ ನನ್ನ ಹೆಸರು ಬರೆದು ಸಾಹೇಬರ ಕಡೆ ತಿರುಗಿಸಿದೆ.

ಅವರು ಓದಿದರು. ಹಾಳೆಯ ಹಿಂದೆ ಇನ್ನೇನಾದರೂ ಉಂಟೋ ಎಂದು ತಿರುಗಿಸಿ ನೋಡಿದರು.

“ಇದೇನು ಬರೆದದ್ದು?”

“ಸಾಕು.”

“ಒಂದೇ ಶಬ್ದ. ಯಾವ ಸಾಕು ಇದು? ಗಿಡ ಸಾಕ್ತೇನೆ ಅಂತ ತಾನೆ?”

ಕಾಂತಿಯಕ್ಕ ಹಾಳೆಯ ಕಡೆ ಬಗ್ಗಿ ನೋಡಿದರು. ಅವರಿಗೆ ಅರ್ಥವಾಯಿತು. ತಲೆ ಕೆಳಗೆ ಹಾಕಿದರು.

“ಕನ್ನಡ ಸಾರ್,” ಎಂದೆ. “ನಿಮಗೆ ಬರ್ತದಲ್ಲ. ಓದಿ.”

ಧನಿ ಕುರ್ಚಿಯಿಂದ ಎದ್ದರು. ಸಾಹೇಬರು ಕೇಸು ಹಾಕಬೇಕಾಗುತ್ತದೆ ಎಂದು ಏನೋ ಹೇಳುತ್ತಿದ್ದರು. ಹಾಕಿ ಎಂದೆ. ಪೆನ್ನನ್ನು ಮೇಜಿನ ಮೇಲಿಟ್ಟು ಹೊರಗೆ ಬಂದೆ. ಶಹರ್ಬಾನಕ್ಕ ಎದ್ದು ನಿಂತು ನನ್ನ ಕೈ ಹಿಡಿದರು. ನಾರಾವಿಯ ಬಸ್ಸು ಬರುವವರೆಗೆ ಬಿಡಲಿಲ್ಲ.

ಗುಡ್ಡ ಹತ್ತಿ ಮನೆಗೆ ಹೋಗಲಿಲ್ಲ, ನೇರ ಸುರಂಗಕ್ಕೆ ಹೋದೆ. ಮಾವ ಬಾಯಿಯಲ್ಲೇ ಕುಳಿತಿದ್ದರು. ದಂಬೆಯಲ್ಲಿ ಬೆರಳಿನಷ್ಟು ನೀರು ಬೀಳುತ್ತಿತ್ತು. ಅದರ ಕೆಳಗೆ ಕೊಡಪಾನ ಇಟ್ಟು, ತುಂಬುವವರೆಗೆ ಹತ್ತಿರವೇ ಕುಳಿತೆ. ಬಾಯಾರಿತ್ತು. ಕುಡಿಯಲಿಲ್ಲ. ತುಂಬಿದ ಕೊಡಪಾನವನ್ನು ನನ್ನ ಕೈಯಿಂದಲೇ ಎತ್ತಿ, ನನ್ನ ತಲೆಯ ಮೇಲೆ ನಾನೇ ಸುರಿದುಕೊಂಡು ಮಿಂದೆ.